ಹೊಕ್ಕುಳ ಮೇಲಿನ ಕಾಲಾಣೆ

ಮಿಲ್ಲಿಗೆ ಕಳಿಸಲು ರಾಗಿ ಕೇರುತ್ತಾ ಕೂತಿದ್ದೆ. ಹೊಸ ರಾಗಿ, ಕಲ್ಲು ಕಮ್ಮಿ, ಹೊಟ್ಟು ಜಾಸ್ತಿ. ಫೋನು ಬಂತು. ಪಕ್ಕದ ಮನೆಯ ನರ್ಸಮ್ಮನ ಅಣ್ಣನ ಮಗ.

"ಆಂಟಿ, ಅತ್ತೆ ಹೋಗ್ಬುಟ್ರು. ಬೆಳಗಿನ ಜಾವ. ಮೈಸೂರಿಂದ ಹೊರಡ್ತಾ ಇದೀವಿ. ಒಸಿ ಮನೆ ಬೀಗ ತೆಗೆದು ನಡುಮನೆ ಗುಡಿಸಿರ್ತೀರಾ?"

"ಸರಿ ಕಣಪ್ಪ" ಅಂದೆ. ಮೊರದಲ್ಲಿದ್ದಷ್ಟು ರಾಗಿ ಕೇರಿ ಮುಗಿಸಿಯೇ ಎದ್ದೆ. ಅರ್ಧ ಕೇರಿದ ರಾಗಿ ಬಿಟ್ಟು ಅಳುತ್ತಾ ಬಂದೆ ಅಂದಿದ್ದರೆ ಅವರೇ ಬಯ್ಯುತ್ತಿದ್ದರು. ಎಪ್ಪತ್ತೇಳು ವರ್ಷ ಆಗಿತ್ತು. ಆಸ್ಪತ್ರೆಯಲ್ಲಿ ಎರಡೇ ದಿನ ಮಲಗಿದರು. ಹಾಸಿಗೆ ಹಿಡಿದು ಇನ್ನೊಬ್ಬರ ಕೈ ಕಾಯಲಿಲ್ಲ. ದೇವರು ಅಷ್ಟು ಮಾಡಿದ.

ಬೀದಿಯೆಲ್ಲ ಅವರನ್ನು ನರ್ಸಮ್ಮ ಅನ್ನುತ್ತಿತ್ತು. ನಾನು ಅಕ್ಕ ಅನ್ನುತ್ತಿದ್ದೆ. ಕೆಲಸದಿಂದ ನಿವೃತ್ತರಾಗಿ ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆ ಕೊಂಡುಕೊಂಡು ಬಂದಾಗ ಅವರ ಸಾಮಾನೆಲ್ಲ ಒಂದು ಲಗೇಜ್ ಆಟೋದಲ್ಲಿ ಹಿಡಿಸಿತ್ತು. ಮದುವೆಯಾಗದ ಹೆಂಗಸಿಗೆ ಎಷ್ಟು ಸಾಮಾನು ಇದ್ದೀತು? ಒಂದು ಸಣ್ಣ ತಗಡಿನ ಪೆಟ್ಟಿಗೆಯನ್ನು ಮಾತ್ರ ಯಾರ ಕೈಗೂ ಕೊಡದೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಒಡವೆ ಇರಬೇಕು ಅಂತ ಬೀದಿಯವರು ಮಾತಾಡಿಕೊಂಡರು. ನಾನೂ ಹಾಗೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಅದರಲ್ಲಿ ಇದ್ದದ್ದು ಬ್ರಿಟಿಷರ ಕಾಲದ ಚಿಲ್ಲರೆ ಕಾಸು. ಬೆಳ್ಳಿ ರೂಪಾಯಿ ಒಂದೂ ಇಲ್ಲ. ಕಾಲಾಣೆ, ಅರ್ಧಾಣೆ, ಹೂವಿನ ಅಂಚಿನ ಒಂದಾಣೆ, ನಡುವೆ ತೂತಿರುವ ತಾಮ್ರದ ಕಾಸು. ಒಂದೊಂದನ್ನೂ ಮಾತ್ರೆ ಹಾಕಿಕೊಡುವ ಚಿಕ್ಕ ಕಾಗದದ ಕವರಿನಲ್ಲಿ ಹಾಕಿ, ಮೇಲೆ ಒಂದು ಊರಿನ ಹೆಸರು, ಒಬ್ಬ ಹೆಂಗಸಿನ ಹೆಸರು ಬರೆದಿದ್ದರು.

ಆ ಹೆಸರುಗಳ ಕಥೆ ಹೇಳಬೇಕಾದರೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹಸುಗೂಸಿನ ಹೊಕ್ಕುಳು ಉಬ್ಬಿದರೆ, ಒದ್ದೆಯಿದ್ದರೆ, ಅದರ ಮೇಲೆ ಬೂದಿ, ಹರಳೆಣ್ಣೆ ಹಾಕಿ ಒಂದು ತಾಮ್ರದ ಕಾಸು ಒತ್ತಿ ಬಟ್ಟೆ ಕಟ್ಟುತ್ತಿದ್ದರು. ಈಗಿನ ಕಾಸು ನಡೆಯುತ್ತಿರಲಿಲ್ಲ. ಅಜ್ಜಿಯ ಕಾಲದ ದಪ್ಪ ಕಾಲಾಣೆಯೇ ಆಗಬೇಕು, ಅದು ತಂಪು ಅಂತ ನಂಬಿಕೆ. ತೂತಿನ ಕಾಸಾದರೆ ಉಡಿದಾರಕ್ಕೆ ಪೋಣಿಸುತ್ತಿದ್ದರು. ನರ್ಸಮ್ಮ ಪಿರಿಯಾಪಟ್ಟಣದ ಹಾರನಹಳ್ಳಿ ಕಡೆ ಕೆಲವು ವರ್ಷ, ಉಳಿದ ಸರ್ವೀಸೆಲ್ಲ ಕೋಟೆ ತಾಲ್ಲೂಕಿನ ಹಂಪಾಪುರ, ಬೀಚನಹಳ್ಳಿ ಕಡೆ, ಬಾಣಂತಿ ಮನೆಯಿಂದ ಬಾಣಂತಿ ಮನೆಗೆ ತಿರುಗಿದವರು. ಹಸಿ ಹೊಕ್ಕುಳ ಮೇಲೆ ಕಾಸು ಕಂಡರೆ ಅಲ್ಲೇ ಬಿಚ್ಚುತ್ತಿದ್ದರು.

"ಸುಮ್ಮನೆ ಬಿಚ್ಚಿ ಅವರ ಕೈಗೆ ಕೊಟ್ರೆ ನಾನು ಬಾಗಿಲು ದಾಟೋದ್ರೊಳಗೆ ಮತ್ತೆ ಕಟ್ಟೋರು ಕಣಮ್ಮ. ಅದಕ್ಕೆ ನಾನೇ ತಗೊಂಡು ಹೋಗ್ತಿದ್ದೆ. 'ನನ್ನ ಹತ್ರ ಜೋಪಾನವಾಗಿರ್ತದೆ, ಕೂಸಿನ ಹೊಕ್ಕುಳು ಒಣಗಿದ ಮೇಲೆ ಬಂದು ಈಸ್ಕೊಳಿ' ಅಂತ ಅವರ ಎದುರಿಗೇ ಕವರ್ ಮೇಲೆ ಹೆಸರು ಬರೀತಿದ್ದೆ. ಬರೆದಿದ್ದು ಕಂಡ್ರೆ ಜನಕ್ಕೆ ನಂಬಿಕೆ" ಅಂದಿದ್ದರು.

ಕೆಲವರು ಬಂದು ಈಸಿಕೊಂಡರಂತೆ. ಬಾರದವರ ಕಾಸು ಪೆಟ್ಟಿಗೆಯಲ್ಲಿ ಉಳಿಯಿತು. ಕಾಯುತ್ತಾ ಕಾಯುತ್ತಾ ಅವರಿಗೆ ಅವುಗಳ ಮೇಲೆ ಮೋಹ ಬಂದಿತ್ತು. ಮಧ್ಯಾಹ್ನ ಊಟವಾದ ಮೇಲೆ ಕಿಟಕಿ ಪಕ್ಕ ಭೂತಗನ್ನಡಿ ಹಿಡಿದು ಕೂರುವರು. ಕಾಸನ್ನು ಅಂಚಿನಲ್ಲಿ, ಎರಡೇ ಬೆರಳಲ್ಲಿ, ಲಸಿಕೆಯ ಪುಟ್ಟ ಸೀಸೆ ಹಿಡಿದ ಹಾಗೆ ಹಿಡಿಯುವರು. ಇದು ರಾಣಿಯದು, ಇದು ಕಿರೀಟ ಹಾಕದ ಬೋಳುತಲೆಯವನದು, ಇದು ಅವನ ಮಗನದು ಅಂತ ನನಗೆ ತೋರಿಸುವರು. ನಾನು ರೊಟ್ಟಿ ಹಿಟ್ಟು ನಾದುತ್ತಾ ಹೂಂ ಅನ್ನುವೆ. "ನಿನಗೆ ಯಾವ ರಾಜನಾದ್ರೂ ಒಂದೇ. ನಿನ್ನ ಕಣ್ಣೆಲ್ಲ ಹಿಟ್ಟಿನ ಮೇಲೆ" ಅಂತ ಹಂಗಿಸುವರು.

ಒಂದು ಸಲ ನಮ್ಮ ಮನೆಯವರ ದಾಯಾದಿಯೊಬ್ಬರ ಮೇಲೆ ಸಿಟ್ಟು ಬಂದು, "ಮೂರು ಕಾಸಿನ ಬೆಲೆ ಇಲ್ಲ ಆ ಮನುಷ್ಯನಿಗೆ" ಅಂದುಬಿಟ್ಟೆ. ಅವರು ಎದ್ದು ಹೋಗಿ ಒಂದು ಕಾಲಾಣೆ ತಂದು ನನ್ನ ಅಂಗೈಯಲ್ಲಿಟ್ಟರು. ಭಾರವಾಗಿತ್ತು. "ಮೂರು ಕಾಸು ಸೇರಿದ್ರೆ ಒಂದು ಕಾಲಾಣೆ, ಇದೇ. ನಮ್ಮಪ್ಪ ಹುಡುಗನಾಗಿದ್ದಾಗ ಇದೊಂದಿದ್ರೆ ಸಂತೇಲಿ ಮಡಿಲು ತುಂಬ ಕಡ್ಲೆಪುರಿ ಬರ್ತಿತ್ತಂತೆ. ಅಷ್ಟು ಬೆಲೆ ಆ ಮನುಷ್ಯನಿಗೆ ಕೊಡಬೇಡ" ಅಂದರು. ಸಿಟ್ಟು ಇಳಿದುಹೋಯಿತು.

ಇನ್ನೊಂದು ಸಲ ನನಗೇ ಬೇಜಾರು ಮಾಡಿದರು. ನಮ್ಮ ದೇವರ ಮನೆಯಲ್ಲಿ ರಾಮ ಪಟ್ಟಾಭಿಷೇಕದ ಚಿತ್ರವಿರುವ ತಾಮ್ರದ ಕಾಸು ಒಂದಿದೆ, ನಮ್ಮತ್ತೆ ಕೊಟ್ಟಿದ್ದು. ಕಂಪನಿ ಸರ್ಕಾರದ್ದು, ಲಕ್ಷಗಟ್ಟಲೆ ಬೆಲೆ ಅಂತ ನಮ್ಮ ಮನೆಯವರು ಎಲ್ಲೋ ಕೇಳಿಕೊಂಡು ಬಂದಿದ್ದರು. ನರ್ಸಮ್ಮ ಭೂತಗನ್ನಡಿ ಹಿಡಿದು ನೋಡಿ, "ಕಂಪನಿಯೋರು ರಾಮನ್ನ ಯಾಕೆ ಹಾಕ್ತಾರಮ್ಮ? ಇದು ಆಮೇಲೆ ಯಾವನೋ ಒತ್ತಿ ಮಾರಿದ್ದು" ಅಂದರು. ನಾನು ಎರಡು ದಿನ ಅವರ ಕಡೆ ತಿರುಗಿ ನೋಡಲಿಲ್ಲ. ಮೂರನೇ ದಿನ ಗೋಡೆ ಮೇಲಿಂದ ಕೂಗಿದರು: "ಲೇ, ಕಾಸು ಸುಳ್ಳು ಅಂದೆ. ರಾಮ ಸುಳ್ಳು ಅಂದ್ನಾ? ಮೊದ್ಲಿನಂಗೇ ಹೂ ಇಡು ಹೋಗು."

ಅವರು ದೇವರ ವಿಷಯದಲ್ಲಿ ಅಷ್ಟಕ್ಕಷ್ಟೆ. ನಮ್ಮ ಮನೆ ಪೂಜೆಗೆ ಬಂದು ಗೋಡೆಗೊರಗಿ ಕೂತು, ಮಂಗಳಾರತಿ ತೆಗೆದುಕೊಂಡು, "ಪ್ರಸಾದಕ್ಕೆ ಸಕ್ಕರೆ ಜಾಸ್ತಿ" ಅಂತ ಹೇಳಿ ಹೋಗುವರು. "ನಿನ್ನ ದೇವರಿಗೆ ಒಸಿ ಕೆಲಸ ಕಮ್ಮಿ ಕೊಡು ಕಣಮ್ಮ. ಹಾಲು ಉಕ್ಕದಿದ್ರೂ ಅವನೇ, ಬಸ್ ಸಿಕ್ಕಿದ್ರೂ ಅವನೇ. ಸುಸ್ತಾಗಿರ್ತಾನೆ" ಅನ್ನುವರು. ಸುಸ್ತಾಗುವವನು ದೇವರು ಹೇಗಾದಾನು ಅಂತ ನಾನು ನನ್ನ ಪಾಡಿಗೆ ದೀಪ ಹಚ್ಚುತ್ತಿದ್ದೆ.

ಆರು ವರ್ಷದ ಹಿಂದೆ ಅವರ ಕಣ್ಣಿಗೆ ಪೊರೆ ಬಂತು. ಶ್ರಾವಣದಲ್ಲಿ ಆಪರೇಷನ್ ಅಂತ ಆಯಿತು. ಹೊರಡುವ ಹಿಂದಿನ ದಿನ ನಮ್ಮ ಹಿತ್ತಲ ಕಟ್ಟೆ ಮೇಲೆ ಕೂತು ಒಂದು ವಿಷಯ ಹೇಳಿದರು. ಅಲ್ಲಿಯವರೆಗೂ ಹೇಳಿರಲಿಲ್ಲ.

ಬೀಚನಹಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಚಿಕ್ಕ ಊರು. ಮೂವತ್ತು ವರ್ಷಕ್ಕೂ ಹಿಂದಿನ ಮಾತು. ಅಲ್ಲೊಂದು ಮನೆಯಲ್ಲಿ ಚೊಚ್ಚಲ ಹೆರಿಗೆ, ಗಂಡು ಕೂಸು. ಎಂಟನೇ ದಿನ ಇವರು ಹೋದಾಗ ಹೊಕ್ಕುಳ ಮೇಲೆ ಬೂದಿ, ಎಣ್ಣೆ, ಕಾಲಾಣೆ. ಕೂಸಿಗೆ ಆಗಲೇ ಧನುರ್ವಾಯು, ಮೈ ಸೆಟೆದುಕೊಳ್ಳುತ್ತಿತ್ತು. ಕಾಸು ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಕೂಸನ್ನು ಎತ್ತಿಕೊಂಡು ಹಾಲಿನ ವ್ಯಾನಿನಲ್ಲಿ ಕೋಟೆಗೆ ಓಡಿದ್ದಾರೆ. ದಾರಿಯಲ್ಲೇ ಹೋಯಿತು. ಅವಳು ಕಾಸು ಕಿತ್ತಳು, ಉಸಿರೂ ಕಿತ್ತುಕೊಂಡು ಹೋಯಿತು ಅಂತ ಕೂಸಿನ ಅಜ್ಜಿ ಊರೆಲ್ಲ ಸಾರಿದಳಂತೆ. ಕಾಸು ಹಿಂದಿರುಗಿಸಲು ನರ್ಸಮ್ಮ ಎರಡು ಸಲ ಹೋದರಂತೆ. ಎರಡು ಸಲವೂ ಬಾಗಿಲು ತೆಗೆಯಲಿಲ್ಲ.

"ಮುದುಕಿ ಹೋದ ವರ್ಷ ತೀರಿಕೊಂಡಳಂತೆ. ಈಗ ಆ ಕೂಸಿನ ತಾಯಿ ಅಲ್ಲಿನ ಆಶಾ ಕಾರ್ಯಕರ್ತೆ ಕೈಲಿ ಹೇಳಿ ಕಳಿಸವ್ಳೆ, ನರ್ಸಮ್ಮ ಬರ್ಲಿ ಅಂತ" ಅಂದರು. "ಕಣ್ಣು ಸರಿಯಾಗ್ಲಿ, ಹೋಗ್ತೀನಿ. ಅವಳ ಕಾಸು ಅವಳ ಕೈಗೆ ಹಾಕಿ ಬಂದ್ರೆ ನಂದು ಎಲ್ಲಾ ಮುಗೀತು."

ಬೀಗದ ಕೈ ನನಗೆ ಕೊಟ್ಟು ಮೈಸೂರಿಗೆ ಹೋದರು. ಅವರು ಅಲ್ಲಿದ್ದಾಗಲೇ ವರಮಹಾಲಕ್ಷ್ಮಿ ಹಬ್ಬ ಬಂತು.

ನನ್ನ ತಪ್ಪು ಶುರುವಾಗಿದ್ದು ಭಕ್ತಿಯಿಂದಲೇ. ಕಲಶದ ಮುಂದೆ ನಾಣ್ಯ ಇಡುವುದು ನಮ್ಮಲ್ಲಿ ರೂಢಿ. ಅಕ್ಕನ ಕಣ್ಣು ಚೆನ್ನಾಗಾಗಲಿ ಅಂತ ಅವರದೇ ಕಾಸುಗಳನ್ನು ಇಟ್ಟು ಪೂಜೆ ಮಾಡೋಣ ಅನ್ನಿಸಿತು. ಪೆಟ್ಟಿಗೆ ತಂದು ಬಿಚ್ಚಿದರೆ ಎಲ್ಲಾ ಕಪ್ಪು, ಹಸಿರು ಕಿಲುಬು. ಕಿಲುಬು ಹಿಡಿದ ಲಕ್ಷ್ಮಿಯನ್ನು ಮಣೆ ಮೇಲೆ ಹೇಗೆ ಇಡುವುದು? ಕವರುಗಳಿಂದೆಲ್ಲ ಕಾಸು ಸುರಿದುಕೊಂಡೆ. ಕವರಿಗೆ ಹುಳ ಹಿಡಿದಿತ್ತು, ಮುಟ್ಟಿದರೆ ಪುಡಿಯಾಗುತ್ತಿತ್ತು. ಬಚ್ಚಲ ಒಲೆಗೆ ಹಾಕಿದೆ. ಆ ತಾಯಿಗೆ ಕೊಡಬೇಕಾದ ಕಾಸು ಬೇರೆ ಎಲ್ಲೋ ಎತ್ತಿಟ್ಟಿರುತ್ತಾರೆ ಅಂದುಕೊಂಡೆ. ಅಷ್ಟು ಮುಖ್ಯವಾದದ್ದನ್ನು ಎಲ್ಲದರ ಜೊತೆ ಇಡುತ್ತಾರಾ ಅಂತ ನನ್ನ ತಲೆ ಓಡಿತು. ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಿನಲ್ಲಿ ಒಂದು ಬೆಳಿಗ್ಗೆಯೆಲ್ಲ ಉಜ್ಜಿದೆ. ಹೊಸ ಚೆಂಬಿನ ಹಾಗೆ ಹೊಳೆದವು. ನನ್ನ ಕೆಲಸ ನೋಡಿ ನನಗೇ ಸಂತೋಷವಾಯಿತು.

ಕಪ್ಪು ಕನ್ನಡಕ ಹಾಕಿಕೊಂಡು ಅವರು ವಾಪಸ್ ಬಂದ ದಿನ ಹಿತ್ತಾಳೆ ತಟ್ಟೆಯಲ್ಲಿ ಕಾಸುಗಳನ್ನು ಹರಡಿ ತೆಗೆದುಕೊಂಡು ಹೋದೆ. ಅವರು ಒಂದನ್ನು ಎತ್ತಿ ಕಣ್ಣ ಹತ್ತಿರ ಹಿಡಿದರು. ಇಟ್ಟರು. ಇನ್ನೊಂದು ಎತ್ತಿದರು.

"ಕವರು?"

"ಹುಳ ತಿಂದಿದ್ವು ಅಕ್ಕ. ಒಲೆಗೆ ಹಾಕ್ದೆ."

ಅವರು ತಟ್ಟೆಯಲ್ಲಿದ್ದ ಕಾಲಾಣೆಗಳನ್ನೆಲ್ಲ ಒಂದು ಕಡೆ ಸರಿಸಿದರು. ಒಂದೊಂದಾಗಿ ಮಗುಚಿ ನೋಡಿದರು.

"ಅದರ ಒಂದು ಮಗ್ಗುಲಿಗೆ ಬೂದಿ, ಎಣ್ಣೆ ಅಂಟಿ ಕರ್ರಗೆ ಗಟ್ಟಿಯಾಗಿತ್ತು. ನಾನು ಕೆರೆದು ಇಸವಿ ಕೂಡ ನೋಡಿರಲಿಲ್ಲ. ಅದೇ ಅದರ ಗುರುತು" ಅಂದರು. ಆಮೇಲೆ ತಟ್ಟೆಯನ್ನು ನನ್ನ ಕಡೆ ತಳ್ಳಿ, "ಎಲ್ಲಾ ಒಂದೇ ಥರ ಆಗವೆ. ಚೆನ್ನಾಗೇ ಉಜ್ಜಿದೀಯ" ಅಂದರು.

ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬಯ್ಯಲಿಲ್ಲ. ಎರಡು ವಾರ ಮಾತೂ ಆಡಲಿಲ್ಲ. ಕಣ್ಣಿಗೆ ಹನಿ ಹಾಕಲು ನಾನು ದಿನಕ್ಕೆ ನಾಲ್ಕು ಸಲ ಹೋಗುತ್ತಿದ್ದೆ. ಮುಖ ಮೇಲೆತ್ತುವರು, ಹಾಕಿಸಿಕೊಳ್ಳುವರು, ಅಷ್ಟೆ. ಮುಖ ಎತ್ತುತ್ತಿದ್ದರಲ್ಲ, ಅದೇ ದೊಡ್ಡದು ಅಂದುಕೊಂಡೆ.

ಗೌರಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಗೋಡೆ ಆಚೆಯಿಂದ ಕೇಳಿದರು: "ಇವತ್ತು ಕೋಟೆಗೆ ಹೋಗ್ತೀನಿ. ಬರ್ತೀಯಾ?"

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಪೆಟ್ಟಿಗೆ ಅವರ ತೊಡೆಯ ಮೇಲೆ. ನನಗೆ ತಡೆಯಲಾಗಲಿಲ್ಲ. "ಅಕ್ಕ, ಯಾವುದಾದ್ರೂ ಒಂದು ಕಾಲಾಣೆ ಕೊಟ್ಬಿಡಿ. ಅವ್ರಿಗೆ ಹೆಂಗೆ ಗೊತ್ತಾಗತ್ತೆ? ಅವ್ರ ಮನಸ್ಸಿಗೂ ನೆಮ್ಮದಿ" ಅಂದೆ.

"ಇಷ್ಟು ವರ್ಷ ಅವಳದ್ದು ಅಂತ ಇಟ್ಕೊಂಡಿದ್ದೆ. ಈಗ ಯಾರದೋ ಕೊಟ್ಟು ಸುಳ್ಳು ಹೇಳೋಕೆ ಬಸ್ ಚಾರ್ಜ್ ಬೇರೆ ಕೊಡ್ಬೇಕಾ?" ಅಂದರು.

ಕೋಟೆಯಲ್ಲಿ ಬಸ್ಸು ಬದಲಾಯಿಸಿ ಆ ಊರಿನ ಗೇಟಿನಲ್ಲಿ ಇಳಿದೆವು. ಮನೆ ರಸ್ತೆ ಪಕ್ಕದಲ್ಲೇ. ಆ ತಾಯಿ ಜಗಲಿಯಲ್ಲಿ ಕಾಯುತ್ತಾ ಕೂತಿದ್ದರು. ಅರವತ್ತರ ಹತ್ತಿರದ ಹೆಂಗಸು, ಕಾಲು ಊದಿಕೊಂಡಿತ್ತು. ಚಾಪೆ ಹಾಕಿದರು, ನೀರು ಕೊಟ್ಟರು. ನರ್ಸಮ್ಮ ನೀರು ಕುಡಿಯದೆ ಪೆಟ್ಟಿಗೆ ತೆರೆದು ಚಾಪೆ ಮೇಲೆ ಇಟ್ಟರು.

"ನಿನ್ನ ಕಾಸು ಇದರೊಳಗೆ ಐತೆ. ಯಾವುದು ಅಂತ ಈಗ ನನಗೆ ಗೊತ್ತಿಲ್ಲ. ಜೋಪಾನ ಮಾಡ್ತೀನಿ ಅಂದಿದ್ದೆ, ಮಾಡ್ನಿಲ್ಲ. ನನ್ನ ಕೈ ತಪ್ತು."

ನನ್ನ ಹೆಸರು ಎತ್ತಲಿಲ್ಲ. ನಾನೇ ಹೇಳಿದೆ, "ತೊಳೆದಿದ್ದು ನಾನು ಕಣಮ್ಮ. ಹಬ್ಬಕ್ಕೆ ಅಂತ ಉಜ್ಜಿಬಿಟ್ಟೆ. ಗುರುತು ಹೋಯ್ತು."

ಆ ತಾಯಿ ನನ್ನನ್ನು ನೋಡಿದರು, ಪೆಟ್ಟಿಗೆ ನೋಡಿದರು. ಕೈ ಹಾಕಲಿಲ್ಲ.

"ನಾನು ಅದ್ನ ಸರ್ಯಾಗಿ ನೋಡೇ ಇಲ್ಲ ಕಣವ್ವ" ಅಂದರು. "ಬಾಣ್ತಿ ಕೋಣೆ, ಕತ್ಲು. ಕಟ್ಟಿದ್ದು ನಮ್ಮತ್ತೆ. ಎದುರಿಗೆ ಮಡಗಿದ್ರೂ ಇದು ಅಂತ ಯೋಳಾಕಾಗಕಿಲ್ಲ."

ರಸ್ತೆಯಲ್ಲಿ ಬೀಚನಹಳ್ಳಿ ಡ್ಯಾಮ್ ಕಡೆಗೆ ಒಂದು ಜೀಪು ಹೋಯಿತು.

"ನಿಮ್ಮುನ್ನ ಕಾಸು ಕೊಡಿ ಅಂತ ಕರ್ಸಿದ್ದಲ್ಲ ನರ್ಸಮ್ಮ" ಅಂದರು ಆ ತಾಯಿ. "ಒಂದು ಮಾತು ಯೋಳಬೇಕಿತ್ತು. ನೀವು ಬರೋ ಒತ್ಗೆ ಕೂಸು ಮೊಲೆ ಬುಟ್ಟು ಎಲ್ಡು ದಿನ ಆಗಿತ್ತು. ಬಾಯಿ ಕಚ್ಕಂಡಿತ್ತು. ನಂಗೊತ್ತಿತ್ತು. ಅತ್ತೆ, ಅವ್ಳು ಕಾಸು ಕಿತ್ಲು, ಅದ್ಕೇ ಓಯ್ತು ಅಂದ್ರು. ನಾನೂ ಊಂ ಅಂದೆ. ಅವ್ರೆದ್ರಿಗೆ ಬ್ಯಾರೆ ಮಾತಾಡಾಕಾಯ್ತಿತ್ತಾ? ಆಮ್ಯಾಕೆ ಅಂಗೇ ಉಳ್ಕತು. ನೀವು ಎಲ್ಡು ಸಲ ಬಂದಾಗ್ಲೂ ಬಾಗ್ಲಿಂದೆ ನಾನೇ ನಿಂತಿದ್ದೆ."

ನರ್ಸಮ್ಮ ಆಗ ನೀರಿನ ಲೋಟ ಎತ್ತಿಕೊಂಡರು. ಪೂರ್ತಿ ಕುಡಿದರು. ಲೋಟ ಕೆಳಗಿಟ್ಟು ಆ ತಾಯಿಯ ಕಾಲು ನೋಡಿದರು.

"ಕಾಲು ಯಾವಾಗಿಂದ ಊದೈತೆ?" ಅಂತ ಕೇಳಿದರು.

"ಯುಗಾದಿಯಿಂದ."

"ಇಲ್ಲಿ ಚಾಚು." ಹೆಬ್ಬೆರಳಲ್ಲಿ ಒತ್ತಿ ನೋಡಿದರು. "ಶುಗರ್ ನೋಡ್ಸಿದೀಯಾ? ಇಲ್ವಾ? ಬುದ್ಧಿ ಇಲ್ವಾ ನಿನಗೆ? ನಾಳೆ ಬೆಳಿಗ್ಗೆ ಏನೂ ತಿನ್ನದೆ ಆಸ್ಪತ್ರೆಗೆ ಹೋಗು. ಚೀಟಿ ಕೊಡ್ತೀನಿ."

ಹೊರಡುವಾಗ ನಾನು ಆ ತಾಯಿಗೆ, "ಒಂದು ಕಾಸು ಇಟ್ಕೊಳಿ" ಅಂದೆ. "ಬ್ಯಾಡ ಕಣವ್ವ. ಎಲ್ಲಾರ ಮನೇವೂ ಅದ್ರೊಳಗವೆ. ಯಾರ್ದೋ ಯಾಕೆ ಎತ್ಕಳ್ಳಿ" ಅಂದರು. ಅವರೂ ನರ್ಸಮ್ಮನ ಥರದವರೇ ಅನ್ನಿಸಿತು.

ವಾಪಸ್ ಬಸ್ಸಿನಲ್ಲಿ ನರ್ಸಮ್ಮ ಪೆಟ್ಟಿಗೆಯನ್ನು ನನ್ನ ತೊಡೆಗೆ ಸರಿಸಿ, ಕಿಟಕಿಗೆ ತಲೆಯಿಟ್ಟು ಹುಣಸೂರಿನವರೆಗೂ ನಿದ್ದೆ ಮಾಡಿದರು.

ಅದಾದ ಮೇಲೆ ಅವರು ನಿಜವಾಗಿ ಕಾಸು ಕೂಡಿಸಲು ಶುರು ಮಾಡಿದರು. ಅಲ್ಲಿಯವರೆಗೆ ಅದು ಕಂಡವರ ಸಾಮಾನು ಕಾಯುವ ಕೆಲಸವಾಗಿತ್ತು, ಆಮೇಲೆ ಅವರ ಸಂತೋಷವಾಯಿತು. ಆ ಪೆಟ್ಟಿಗೆಯನ್ನು ಹಾಗೇ ಬಿಟ್ಟು, ಹೊಸದಕ್ಕೆ ಬೇರೆ ಡಬ್ಬಿ ಮಾಡಿದರು. ಗುಜರಿ ಅಂಗಡಿಯವನು ಹಳೇ ಕಾಸು ಬಂದರೆ ಅವರಿಗೆ ಎತ್ತಿಡುತ್ತಿದ್ದ. "ನರ್ಸಮ್ಮ, ರಾಣಿ ಬಂದವ್ಳೆ!" ಅಂತ ರಸ್ತೆಯಿಂದಲೇ ಕೂಗುವನು. "ಮೂಗು ಐತೋ ಸವೆದೋಗೈತೋ ಮೊದ್ಲು ಹೇಳಲಾ!" ಅಂತ ಇವರು ಒಳಗಿನಿಂದ. ತಮ್ಮ ಹತ್ತಿರ ಇಲ್ಲದ ಇಸವಿಯ ಕಾಸು ಹುಡುಕಿ ಕೆ.ಆರ್. ನಗರದವರೆಗೂ ಹೋಗಿ ಬಂದು, ಸಿಗಲಿಲ್ಲ ಅಂತ ನಗುತ್ತಾ ಹೇಳುವರು. ನನ್ನನ್ನು ಡಬ್ಬಿಯ ಹತ್ತಿರ ಬಿಡುತ್ತಿರಲಿಲ್ಲ. "ನೀನು ಹುಣಸೆಹಣ್ಣು ಕೆಳಗಿಟ್ಟು ಬಾ" ಅನ್ನುವರು. ಆ ತಾಯಿ ಎರಡು ತಿಂಗಳಿಗೊಮ್ಮೆ ಶುಗರ್ ಮಾತ್ರೆಗೆ ಹುಣಸೂರಿಗೆ ಬರುತ್ತಿದ್ದರು. ಇವರ ಜಗಲಿಯಲ್ಲಿ ಕೂತು, ಬೈಸಿಕೊಂಡು, ಕಾಫಿ ಕುಡಿದು ಹೋಗುತ್ತಿದ್ದರು.

ಇವತ್ತು ನಡುಮನೆ ಗುಡಿಸಿ, ದೀಪಕ್ಕೆ ಎಣ್ಣೆ ಹಾಕಿ, ಮೊದಲು ಫೋನು ಮಾಡಿದ್ದು ಆ ತಾಯಿಗೇ. ಆಂಬುಲೆನ್ಸು ಹನ್ನೊಂದೂವರೆಗೆ ಬಂತು. ಆ ತಾಯಿ ಒಂದು ಗಂಟೆ ಬಸ್ಸಿಗೆ ಬಂದರು.

ಸ್ನಾನ ಮಾಡಿಸಿ, ವಿಭೂತಿ ಹಚ್ಚಿದ ಮೇಲೆ ಹಣೆಗೆ ಕಾಸು ಅಂಟಿಸಬೇಕು. ಅಣ್ಣನ ಮಗ ಜೇಬಿನಿಂದ ಒಂದು ರೂಪಾಯಿ ತೆಗೆದ. ಬೀದಿಯ ಹಿರಿಯರೊಬ್ಬರು, "ಅಷ್ಟೊಂದು ಹಳೇ ಕಾಸು ಮಡಗಿದ್ರಲ್ಲ, ಅದ್ರಲ್ಲೊಂದು ಹಾಕ್ರಪ್ಪ, ಅವ್ರಿಗೂ ಖುಷಿಯಾಗ್ಲಿ" ಅಂದರು. ಹೊಸ ಡಬ್ಬಿಯನ್ನು ನರ್ಸಮ್ಮನೇ ಹೋದ ತಿಂಗಳು ಗುಜರಿಯವನ ಮಗಳ ಸ್ಕೂಲಿಗೆ ಕೊಟ್ಟುಬಿಟ್ಟಿದ್ದರು. ಮನೆಯಲ್ಲಿ ಉಳಿದಿದ್ದು ತಗಡಿನ ಪೆಟ್ಟಿಗೆಯೊಂದೇ. ಅಣ್ಣನ ಮಗನ ಹೆಂಡತಿ ಅದನ್ನು ತಂದಿಟ್ಟಳು.

"ಬೇಡ ಕಣಮ್ಮ. ಅವು ಅವರವಲ್ಲ" ಅಂದೆ.

"ಇನ್ಯಾರವು ಆಂಟಿ? ಅವ್ರ ಮನೇಲೇ ಇದಾವಲ್ಲ" ಅಂದಳು. ಅವಳ ಮಾತಿನಲ್ಲೂ ತಪ್ಪಿಲ್ಲ. ಹೆಣದ ಮುಂದೆ ಅಷ್ಟುದ್ದದ ಕಥೆ ಹೇಳುವುದು ಹೇಗೆ?

ಆ ತಾಯಿ ಊದಿದ ಕಾಲು ಎಳೆದುಕೊಂಡು ಮುಂದೆ ಬಂದು ಕೂತರು. ಪೆಟ್ಟಿಗೆಗೆ ಕೈ ಹಾಕಿ, ನೋಡದೆ, ಮೊದಲು ಸಿಕ್ಕ ಕಾಲಾಣೆ ಎತ್ತಿದರು.

"ಇದು ನಂದು" ಅಂದರು. "ನಮ್ಮತ್ತೆ ನನ್ ಕೂಸಿಗೆ ಕಟ್ಟಿದ್ದು. ನಾನು ಕೊಡ್ತಾ ಇವ್ನಿ. ಮಡಗಿ."

ಅರಿಶಿನ ಕಲಸಿ ನಾನೇ ಹಚ್ಚಿಕೊಟ್ಟೆ. ಅವರೇ ಹಣೆಗೆ ಒತ್ತಿ, ಹೆಬ್ಬೆರಳು ತೆಗೆಯದೆ ಬಹಳ ಹೊತ್ತು ಹಿಡಿದುಕೊಂಡಿದ್ದರು. ಗಂಡಸರು ಹೊತ್ತಾಯಿತು ಅಂದಾಗ ಬಿಟ್ಟರು. ನರ್ಸಮ್ಮ ಇದ್ದಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಕೊಡುವ ಹಕ್ಕು ಆ ತಾಯಿಗಿತ್ತು, ಕೊಟ್ಟರು. ನಾನು ಹೆಚ್ಚು ಯೋಚಿಸಲು ಹೋಗಲಿಲ್ಲ.

ನಾಲ್ಕು ಗಂಟೆಗೆಲ್ಲ ಮಣ್ಣು ಮಾಡಿ ಬಂದರು. ಮಳೆ ಬರಲಿಲ್ಲ, ಪುಣ್ಯ. ಆ ತಾಯಿಯನ್ನು ಕೋಟೆ ಬಸ್ಸಿಗೆ ಹತ್ತಿಸಿ, ಸೀಟು ಹಿಡಿದುಕೊಟ್ಟು, ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಒದ್ದೆ ಸೀರೆ ಹಿಂಡುತ್ತಿರುವಾಗ ನಲ್ಲಿ ನೀರು ಬಂತು. ಮೂರು ದಿನಕ್ಕೊಮ್ಮೆ ಬರುವ ನೀರು. ನಮ್ಮ ಬಿಂದಿಗೆಗಳನ್ನು ತುಂಬಿಕೊಂಡೆ. ಪಕ್ಕದ ಮನೆಯಲ್ಲಿ ಇವತ್ತು ನೆಂಟರು ಇರುತ್ತಾರೆ. ಪೈಪನ್ನು ಗೋಡೆ ಮೇಲಿಂದ ಆಚೆಗೆ ಇಳಿಬಿಟ್ಟು, ಅವರ ಡ್ರಮ್ಮು ತುಂಬುವವರೆಗೂ ಹಿಡಿದುಕೊಂಡು ನಿಂತೆ.